ಕಾರುಗಳ ನಡುವಿನ ಮೌನ ಎಷ್ಟು ಉದ್ದ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮುಂದೆ ಹೋಗುತ್ತಿರುವ ಕಾರು ರೇಡಿಯೊದಲ್ಲಿ ಸೆಕೆಂಡಿಗೆ 10 ಸಲ ತನ್ನ ಸುದ್ದಿ ಹೇಳುತ್ತಿದೆ. ಎಲ್ಲಿದ್ದೀನಿ, ಎಷ್ಟು ವೇಗ, ಬ್ರೇಕ್ ಒತ್ತಿದ್ದೀನಾ ಇಲ್ವಾ. 10 ಸೆಕೆಂಡಿಗೆ 100 ಸಂದೇಶ. ಅದನ್ನು ಕೇಳಲು ನಿಮ್ಮ ಕಾರಿಗೆ ಒಂದು ರೇಡಿಯೊ ಆರಿಸಬೇಕು. ಮೊದಲನೆಯದು 100ರಲ್ಲಿ 50 ಮಾತ್ರ ಹಿಡಿಯುತ್ತದೆ, ಒಂದು ಬಿಟ್ಟು ಒಂದು. ಎರಡನೆಯದು 90 ಹಿಡಿಯುತ್ತದೆ. ಆದರೆ ಅದು ಕಳೆದುಕೊಂಡ ಹತ್ತೂ ಸಾಲಾಗಿ, ಒಂದರ ಹಿಂದೆ ಒಂದು ಹೋಗಿವೆ. ಯಾವುದನ್ನು ಆರಿಸುತ್ತೀರಿ?

ಪರೀಕ್ಷೆಯ ಅಂಕ ನೋಡುವ ಅಭ್ಯಾಸ ನಮಗೆ. 90 ಕಂಡ ಕೂಡಲೇ ಕೈ ಅತ್ತ ಹೋಗುತ್ತದೆ. ಆದರೆ ಮೊದಲ ರೇಡಿಯೊದಲ್ಲಿ ಒಂದು ಸಂದೇಶಕ್ಕೂ ಇನ್ನೊಂದಕ್ಕೂ ಇರುವ ಅಂತರ ಯಾವಾಗಲೂ 0.2 ಸೆಕೆಂಡ್ ಅಷ್ಟೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು ನಾಲ್ಕೂವರೆ ಮೀಟರ್ ಹೋಗಿರುತ್ತದೆ, ಅಂದರೆ ತನ್ನದೇ ಉದ್ದದಷ್ಟು. ಎರಡನೆಯ ರೇಡಿಯೊ ಒಮ್ಮೆ 1.1 ಸೆಕೆಂಡ್ ಕಿವುಡಾಗಿತ್ತು. ಅಷ್ಟರಲ್ಲಿ ಕಾರು ಸುಮಾರು 24 ಮೀಟರ್ ಹೋಗಿದೆ, ಎರಡು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ. ಮುಂದಿನವನು ಬ್ರೇಕ್ ಹಾಕಿದ್ದು ಆ ಹೊತ್ತಿನಲ್ಲೇ ಆಗಿದ್ದರೆ, ನಿಮಗೆ ಬಂದ ಆ 90 ಸಂದೇಶಗಳಿಂದ ಏನೂ ಉಪಯೋಗವಿಲ್ಲ.

ವಾಹನದಿಂದ ವಾಹನಕ್ಕೆ ಹೋಗುವ ಸುರಕ್ಷತಾ ಸಂದೇಶ ಎಷ್ಟು ನಂಬಿಕಸ್ತ ಅಂತ ಯಾರಾದರೂ ಶೇಕಡಾವಾರು ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಅತಿ ಉದ್ದದ ಮೌನ ಎಷ್ಟು ಹೊತ್ತಿನದು? ಈ ಕ್ಷೇತ್ರದ ಎಂಜಿನಿಯರುಗಳೂ ಎರಡನ್ನೂ ಅಳೆಯುತ್ತಾರೆ. ಕಳಿಸಿದ್ದರಲ್ಲಿ ಎಷ್ಟು ತಲುಪಿತು ಅನ್ನೋದು ಒಂದು ಅಳತೆ. ತಲುಪಿದ ಎರಡು ಸಂದೇಶಗಳ ನಡುವೆ ಎಷ್ಟು ಹೊತ್ತು ಹೋಯಿತು ಅನ್ನೋದು ಇನ್ನೊಂದು. ಜಾಹೀರಾತಿಗೆ ಹೋಗುವುದು ಮೊದಲನೆಯದು. ಪ್ರಾಣ ಉಳಿಸುವುದು ಎರಡನೆಯದು.

ಈ ಸಂದೇಶಕ್ಕೆ ಅಮೆರಿಕದಲ್ಲಿ 'ಬೇಸಿಕ್ ಸೇಫ್ಟಿ ಮೆಸೇಜ್' ಅಂತ ಹೆಸರು. ಅದರಲ್ಲಿರುವುದು ಸರಳ ವಿಷಯ. ಜಿಪಿಎಸ್ ಹೇಳಿದ ಜಾಗ, ವೇಗ, ಯಾವ ಕಡೆಗೆ ಮುಖ, ಬ್ರೇಕ್ ಸ್ಥಿತಿ, ಗಾಡಿಯ ಉದ್ದ ಅಗಲ. ಮಾಲೀಕರ ಹೆಸರಿಲ್ಲ, ನಂಬರ್ ಪ್ಲೇಟ್ ಇಲ್ಲ. ಒಂದು ತಾತ್ಕಾಲಿಕ ಗುರುತು ಇರುತ್ತದೆ, ಅದೂ ಆಗಾಗ ಬದಲಾಗುತ್ತದೆ. ಡಿಜಿಟಲ್ ಸಹಿಯೂ ಸೇರಿ ಸುಮಾರು 300 ಬೈಟ್. ನಡುವೆ ಮೊಬೈಲ್ ಟವರ್ ಇಲ್ಲ, ಸರ್ವರ್ ಇಲ್ಲ. ಕಾರಿನಿಂದ ಕಾರಿಗೆ ನೇರವಾಗಿ, 5.9 ಗಿಗಾಹರ್ಟ್ಸ್ ತರಂಗದಲ್ಲಿ ಹೋಗುತ್ತದೆ. ಬಯಲು ರಸ್ತೆಯಲ್ಲಿ ಸುಮಾರು 300 ಮೀಟರ್ ತಲುಪಬೇಕು ಅನ್ನೋದು ಗುರಿ.

ಊರಲ್ಲಿ ಡಂಗುರ ಸಾರುವವನು ಏನು ಮಾಡುತ್ತಾನೆ? ಬೀದಿಯಲ್ಲಿ ನಿಂತು ಕೂಗುತ್ತಾನೆ, ಮುಂದೆ ಹೋಗುತ್ತಾನೆ. ಯಾರ ಮನೆ ಬಾಗಿಲು ತಟ್ಟಿ 'ಕೇಳಿಸ್ತಾ' ಅಂತ ವಿಚಾರಿಸುವುದಿಲ್ಲ. ಕಾರಿನ ಸಂದೇಶವೂ ಹಾಗೇ. ವಾಟ್ಸ್ಆ್ಯಪ್ಪಿನ ಎರಡು ಟಿಕ್ ಇಲ್ಲಿ ಸಿಗುವುದಿಲ್ಲ. ಮನೆಯ ವೈಫೈಯಲ್ಲಿ ಒಂದು ತುಣುಕು ಕಳೆದುಹೋದರೆ ರೂಟರ್ ಅದನ್ನೇ ಮತ್ತೆ ಕಳಿಸುತ್ತದೆ, ಏಕೆಂದರೆ ಫೋನು 'ಬಂತು' ಅಂತ ಉತ್ತರ ಕೊಡಬೇಕು. ರಸ್ತೆಯಲ್ಲಿ ಸುತ್ತಲಿನ 100 ಗಾಡಿಗಳೂ ಒಂದೊಂದು ಸಂದೇಶಕ್ಕೂ 'ಬಂತು ಬಂತು' ಅಂತ ಉತ್ತರ ಕೊಡಲು ಹೊರಟರೆ ಆ ಗದ್ದಲದಲ್ಲಿ ಅಸಲು ಮಾತೇ ಮುಳುಗುತ್ತದೆ. ಅಲ್ಲದೆ ಕಳೆದುಹೋದ ಸಂದೇಶ ಆಗಲೇ ಹಳೆಯ ಸುದ್ದಿ. ಹೊಸದು ನೂರು ಮಿಲಿಸೆಕೆಂಡಿಗೆ ಬಂದೇ ಬರುತ್ತದಲ್ಲ.

ಹೊಸದು ಬಂದೇ ಬರುತ್ತದೆ ಅನ್ನುವ ಆ ಭರವಸೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ನಾಣ್ಯ ಚಿಮ್ಮಿದ ಹಾಗೆ ಪ್ರತಿ ಸಂದೇಶಕ್ಕೂ ತಪ್ಪುವ ಸಾಧ್ಯತೆ ಅರ್ಧಕ್ಕರ್ಧ ಇದೆ ಅಂದುಕೊಳ್ಳಿ. ತುಂಬ ಕೆಟ್ಟ ರೇಡಿಯೊ ಅನ್ನಿಸುತ್ತದೆ, ಅಲ್ವಾ? ಆದರೂ ಅರ್ಧ ಸೆಕೆಂಡಿನ ಐದೂ ಸಂದೇಶ ತಪ್ಪಿಹೋಗುವ ಸಾಧ್ಯತೆ 32ರಲ್ಲಿ ಒಂದು. ಒಂದು ಸೆಕೆಂಡಿನ ಹತ್ತೂ ತಪ್ಪುವುದು 1,024ರಲ್ಲಿ ಒಂದು. ಪದೇ ಪದೇ ಹೇಳುವುದರಿಂದಲೇ ಕೆಟ್ಟ ರೇಡಿಯೊ ಒಳ್ಳೆಯದಾಗುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಒಂದು ತಪ್ಪಿದ್ದಕ್ಕೂ ಮುಂದಿನದು ತಪ್ಪುವುದಕ್ಕೂ ಸಂಬಂಧ ಇರಬಾರದು. ರಸ್ತೆಯಲ್ಲಿ ಆ ಸಂಬಂಧ ಇರುತ್ತದೆ. ಕಷ್ಟಗಳು ಒಟ್ಟೊಟ್ಟಿಗೇ ಬರುತ್ತವೆ ಅಂತಾರಲ್ಲ, ಸಂದೇಶಗಳೂ ಗುಂಪು ಗುಂಪಾಗಿಯೇ ತಪ್ಪುತ್ತವೆ.

ಕಾರಣ ಏನು? ವೇಗ ಇರಬೇಕು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಎದುರುಬದುರು ಬರುವ ಎರಡು ಕಾರುಗಳ ಸಾಪೇಕ್ಷ ವೇಗ ಗಂಟೆಗೆ 200 ಕಿಲೋಮೀಟರ್ ಇದ್ದರೆ ತರಂಗದ ಆವರ್ತನ ಸುಮಾರು 1,100 ಹರ್ಟ್ಸ್ ಜರುಗುತ್ತದೆ. ಹತ್ತಿರ ಬರುವ ರೈಲಿನ ಶಿಳ್ಳೆಯ ಸ್ವರ ಏರಿದ ಹಾಗೆ. ಆದರೆ ಈ ರೇಡಿಯೊ ತನ್ನ ಸಂದೇಶವನ್ನು ಹಂಚಿ ಕಳಿಸುವ ಉಪವಾಹಕಗಳ, ಅಂದರೆ ಪಕ್ಕಪಕ್ಕದ ಸಣ್ಣ ಆವರ್ತನಗಳ, ನಡುವಿನ ಅಂತರ 1,56,250 ಹರ್ಟ್ಸ್. ಜರುಗುವಿಕೆ ಅದರಲ್ಲಿ ಶೇಕಡಾ ಒಂದು ಕೂಡ ಆಗುವುದಿಲ್ಲ. ಸಂದೇಶ ಉದ್ದವಾಗಿದ್ದರೆ ಕೊನೆ ಮುಟ್ಟುವ ಹೊತ್ತಿಗೆ ದಾರಿಯ ಸ್ಥಿತಿ ಬದಲಾಗಿ ಸ್ವಲ್ಪ ತೊಂದರೆ ಆಗಬಹುದು, ನಿಜ. ಆದರೂ ದೊಡ್ಡ ಕಳ್ಳ ವೇಗ ಅಲ್ಲ. ಎಷ್ಟೋ ಸಲ ವೇಗದ ವ್ಯತ್ಯಾಸ ಸಹಾಯವನ್ನೇ ಮಾಡುತ್ತದೆ.

ಅದು ಹೇಗೆ ಅಂತ ನೋಡಿ. ಕಾರಿನ ಆಂಟೆನಾ ಚಾವಣಿಯ ಮೇಲೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಇರುತ್ತದೆ. ಅಲ್ಲಿಂದ ಹೊರಟ ತರಂಗ ಎರಡು ದಾರಿ ಹಿಡಿಯುತ್ತದೆ. ಒಂದು ನೇರ, ಇನ್ನೊಂದು ಡಾಂಬರಿಗೆ ಬಡಿದು ಪುಟಿದು ಬರುವುದು. ಎರಡರ ದಾರಿಯ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ. ಆದರೆ 5.9 ಗಿಗಾಹರ್ಟ್ಸ್ ತರಂಗವೂ ಗಿಡ್ಡವೇ, ಮೂರು ಬೆರಳಿನಷ್ಟು, 5 ಸೆಂಟಿಮೀಟರ್. ಹಾಗಾಗಿ ಕೆಲವು ದೂರಗಳಲ್ಲಿ ಎರಡೂ ತರಂಗ ಒಂದಕ್ಕೊಂದು ಎದುರಾಗಿ ಸೇರಿ ಸಿಗ್ನಲ್ಲನ್ನು ಕುಗ್ಗಿಸಿಬಿಡುತ್ತವೆ. ಒಂದೂವರೆ ಮೀಟರ್ ಎತ್ತರದ ಎರಡು ಆಂಟೆನಾಗಳಿಗೆ ಇಂಥ ಕೊನೆಯ ದೊಡ್ಡ ಗುಂಡಿ ಸುಮಾರು 90 ಮೀಟರ್ ದೂರದಲ್ಲಿ ಬೀಳುತ್ತದೆ. ಅಂದರೆ 90 ಮೀಟರಿನಲ್ಲಿ ಸರಿಯಾಗಿ ಕೇಳಿಸದ ಕಾರು 130 ಮೀಟರಿನಲ್ಲಿ ಚೆನ್ನಾಗಿ ಕೇಳಿಸಬಹುದು! ಎದುರಿನಿಂದ ಬರುವ ಕಾರು ಈ ಗುಂಡಿಯನ್ನು ಕ್ಷಣದಲ್ಲಿ ದಾಟುತ್ತದೆ. ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ, ಅಷ್ಟೇ ಅಂತರ ಬಿಟ್ಟು ಹಿಂದೆ ಹಿಂದೆ ಬರುವ ಕಾರು ಗುಂಡಿಯಲ್ಲೇ ಕೂತಿರುತ್ತದೆ. ಒಂದು ತಪ್ಪಿತು ಅಂದರೆ ಮುಂದಿನದೂ ತಪ್ಪುವ ಸಂಭವ ಜಾಸ್ತಿ.

ಇನ್ನು ಲಾರಿ. ನಿಮ್ಮ ಮುಂದೆ ಲಾರಿ, ಲಾರಿಯ ಮುಂದೆ ಒಂದು ಕಾರು. ಆ ಕಾರು ಸಡನ್ನಾಗಿ ಬ್ರೇಕ್ ಹಾಕಿದರೆ ನಿಮಗೆ ಲಾರಿಯ ಹಿಂಬದಿ ಬಿಟ್ಟು ಏನೂ ಕಾಣುವುದಿಲ್ಲ. ಈ ತಂತ್ರಜ್ಞಾನ ಹುಟ್ಟಿದ್ದೇ ಇಂಥ ಜಾಗಕ್ಕಾಗಿ. ತಮಾಷೆ ಅಂದರೆ ರೇಡಿಯೊಗೂ ಅದೇ ಲಾರಿ ಅಡ್ಡ. ಎತ್ತರದ ಗಾಡಿ ನಡುವೆ ನಿಂತರೆ ಸಿಗ್ನಲ್ಲಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ, ಕೆಲವೊಮ್ಮೆ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಪೂರ್ತಿ ಕುರುಡಲ್ಲ. ಪಕ್ಕದ ಗೋಡೆ, ಇತರ ಗಾಡಿಗಳಿಗೆ ಬಡಿದು, ಲಾರಿಯ ಮೇಲಿಂದ ಬಾಗಿ ಅಷ್ಟಿಷ್ಟು ತಲುಪುತ್ತದೆ. 300 ಮೀಟರಿನ ಗುರಿ ಸುಳ್ಳಾಗಬಹುದು, ಆದರೆ ಪಕ್ಕದಲ್ಲೇ ಇರುವವರ ಮಾತು ಸಾಮಾನ್ಯವಾಗಿ ಬರುತ್ತದೆ.

ತಿರುವುಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ತಿರುವಿಗೆ ಮುಂಚೆ ಹಾರ್ನ್ ಹೊಡೆಯುತ್ತೇವಲ್ಲ, ಅದು ಆಚೆ ಕಡೆಗೆ ಕೇಳಿಸುವುದು ಯಾಕೆ? ಹಾರ್ನಿನ ಶಬ್ದದ ಅಲೆ ಹೆಚ್ಚುಕಡಿಮೆ ಎರಡು ಮೊಳ ಉದ್ದ. ಉದ್ದ ಅಲೆ ಮೂಲೆಯಲ್ಲಿ ಸಲೀಸಾಗಿ ಬಾಗುತ್ತದೆ. ಮೂರು ಬೆರಳಿನ ರೇಡಿಯೊ ಅಲೆ ಬೆಳಕಿನಂತೆ ನೇರ ಹೋಗುವುದೇ ಹೆಚ್ಚು. ಕಟ್ಟಡಗಳು ಒತ್ತಿಕೊಂಡಿರುವ ಪೇಟೆಯ ಅಡ್ಡರಸ್ತೆಯಲ್ಲೂ ಇದೇ ಪಾಡು. ಜಪಾನಿನಲ್ಲಿ ಟೊಯೋಟಾ 2015ರಲ್ಲಿ ಕಾರುಗಳಿಗೆ ತಂದ 'ಐಟಿಎಸ್ ಕನೆಕ್ಟ್' 760 ಮೆಗಾಹರ್ಟ್ಸ್ ಬಳಸುತ್ತದೆ. ಅಲ್ಲಿ ಅಲೆ ಸುಮಾರು 39 ಸೆಂಟಿಮೀಟರ್, ಮೂಲೆ ಸುತ್ತಿ ಹೋಗಲು ಅನುಕೂಲ. ಉಳಿದ ದೇಶಗಳು 5.9 ಗಿಗಾಹರ್ಟ್ಸ್ ಹಿಡಿದುಕೊಂಡವು. ನನ್ನ ಮಟ್ಟಿಗೆ ಜಪಾನಿನವರ ಲೆಕ್ಕ ಚೆನ್ನಾಗಿತ್ತು.

ಇಲ್ಲಿವರೆಗೆ ಹೇಳಿದ್ದು ಇಬ್ಬರ ನಡುವಿನ ಕಥೆ. ಟ್ರಾಫಿಕ್ ಜಾಮ್ ಆದಾಗ ಬೇರೆಯದೇ ಕಥೆ ಶುರುವಾಗುತ್ತದೆ.

ಕಾರುಗಳ ಈ ರೇಡಿಯೊಗಾಗಿ 2010ರಲ್ಲಿ ಬಂದ 802.11ಪಿ ಅನ್ನುವ ಮಾನದಂಡ ಮೂಲತಃ ವೈಫೈ ಕುಟುಂಬದ್ದೇ. ಹೊರಗಿನ ಪ್ರತಿಧ್ವನಿಗಳನ್ನು ತಡೆದುಕೊಳ್ಳಲಿ ಅಂತ ಚಾನೆಲ್ಲಿನ ಅಗಲವನ್ನು 20ರಿಂದ 10 ಮೆಗಾಹರ್ಟ್ಸ್‌ಗೆ ಇಳಿಸಿದರು, ಒಂದೊಂದು ಸಂಕೇತವನ್ನೂ ಎರಡು ಪಟ್ಟು ಉದ್ದ ಮಾಡಿದರು. ಸಾಮಾನ್ಯವಾಗಿ ಬಳಸುವ ವೇಗ ಸೆಕೆಂಡಿಗೆ 6 ಮೆಗಾಬಿಟ್. 300 ಬೈಟಿನ ಒಂದು ಸಂದೇಶಕ್ಕೆ ಅಕ್ಕಪಕ್ಕದ ಬಿಡುವೂ ಸೇರಿ ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 2,000 ಸಂದೇಶ. ಗಾಡಿಗೆ ಹತ್ತರಂತೆ ಹಂಚಿದರೆ 200 ಗಾಡಿ.

ಈಗ ಎರಡೂ ಕಡೆ ನಾಲ್ಕು ನಾಲ್ಕು ಲೇನ್ ಇರುವ ಹೆದ್ದಾರಿ ಪೂರ್ತಿ ಜಾಮ್ ಆಗಿದೆ ಅನ್ನಿ. ಏಳೂವರೆ ಮೀಟರಿಗೊಂದು ಗಾಡಿ. ನಿಮ್ಮ ಹಿಂದೆ 300, ಮುಂದೆ 300 ಮೀಟರ್ ಲೆಕ್ಕ ಹಾಕಿದರೆ ಲೇನಿಗೆ 80, ಒಟ್ಟು 640 ಗಾಡಿ. ಗಾಳಿಯಲ್ಲಿ ಇರುವ ಜಾಗದ ಮೂರು ಪಟ್ಟಿಗಿಂತ ಜಾಸ್ತಿ.

ವೈಫೈ ಕುಟುಂಬದ ಶಿಸ್ತು ಸರಳ. ಮೊದಲು ಕೇಳು, ಯಾರೂ ಮಾತಾಡುತ್ತಿಲ್ಲ ಅಂದರೆ ಮಾತಾಡು. ಮದುವೆ ಛತ್ರದ ಊಟದ ಪಂಕ್ತಿಯಲ್ಲಿ ಮೊದಲ ತುದಿಯವನಿಗೆ ಕೊನೆಯ ತುದಿಯವನ ಮಾತು ಕೇಳಿಸುವುದಿಲ್ಲ. ಇಬ್ಬರೂ 'ಯಾರೂ ಮಾತಾಡ್ತಿಲ್ಲ' ಅಂದುಕೊಂಡು ಒಟ್ಟಿಗೇ ಕೂಗುತ್ತಾರೆ. ನಡುವೆ ಕೂತವನಿಗೆ ಎರಡೂ ಕಲಸುಮೇಲೋಗರ. ಸಾಲುಸಾಲು ಕಾರುಗಳ ರಸ್ತೆಯಲ್ಲಿ ಇದು ಸದಾ ನಡೆಯುವಂಥದ್ದು. ಸಮಾಧಾನ ಅಂದರೆ, ಪಕ್ಕದಲ್ಲಿರುವವನ ದನಿ ದೂರದವನ ದನಿಗಿಂತ ಎಷ್ಟೋ ಜೋರು. ಎರಡು ಸಂದೇಶ ಡಿಕ್ಕಿಯಾದರೂ ಜೋರಿನದು ಎಷ್ಟೋ ಸಲ ಬದುಕಿಕೊಳ್ಳುತ್ತದೆ. ಜಾಮ್ ಜಾಸ್ತಿಯಾದಂತೆ ಕೇಳಿಸುವ ವೃತ್ತ ಸುಮ್ನೆ ಚಿಕ್ಕದಾಗುತ್ತಾ ಹೋಗುತ್ತದೆ, ಒಮ್ಮೆಗೇ ಮುರಿದು ಬೀಳುವುದಿಲ್ಲ.

ಇದಕ್ಕೆ ಎದುರಾಳಿಯಾಗಿ ಬಂದದ್ದು ಸಿ-ವಿ2ಎಕ್ಸ್, ಅಂದರೆ ಮೊಬೈಲ್ ತಂತ್ರಜ್ಞಾನದಿಂದ ಹುಟ್ಟಿದ ಕಾರಿನ ರೇಡಿಯೊ, 2017ರ ಸುಮಾರಿಗೆ. ಅದರ ಶಿಸ್ತೇ ಬೇರೆ. ಅದು ಬಸ್ಸಿನ ಸೀಟಿಗೆ ಕರ್ಚೀಫ್ ಹಾಕುವ ಪದ್ಧತಿ. ಸಮಯವನ್ನು ಒಂದೊಂದು ಮಿಲಿಸೆಕೆಂಡಿನ ಸೀಟುಗಳಾಗಿ ಕತ್ತರಿಸುತ್ತಾರೆ. ಪ್ರತಿ ಕಾರೂ ಕಳೆದ ಒಂದು ಸೆಕೆಂಡಿನಲ್ಲಿ ಯಾವ ಸೀಟು ಖಾಲಿ ಇತ್ತು ಅಂತ ಗಮನಿಸುತ್ತದೆ. ಖಾಲಿ ಕಂಡದ್ದರಲ್ಲಿ ಒಂದಕ್ಕೆ ಕರ್ಚೀಫ್ ಹಾಕುತ್ತದೆ. ಆಮೇಲೆ ಪ್ರತಿ ನೂರು ಮಿಲಿಸೆಕೆಂಡಿಗೂ ಅದೇ ಸೀಟು. ಐದರಿಂದ ಹದಿನೈದು ಸಲ ಬಳಸಿದ ಮೇಲೆ ಬದಲಾಯಿಸಬೇಕಾ ಅಂತ ಯೋಚಿಸುತ್ತದೆ. ಆಗಲೂ ಅದನ್ನೇ ಉಳಿಸಿಕೊಳ್ಳುವ ಅವಕಾಶ ಇದೆ.

ಸರಾಸರಿ ನೋಡಿದರೆ ಈ ಪದ್ಧತಿ ಚೆನ್ನಾಗಿದೆ, ಸಂದೇಶ ಜಾಸ್ತಿ ದೂರವೂ ಹೋಗುತ್ತದೆ. ಆದರೆ ಕಿಟಕಿಯ ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಇನ್ನೊಬ್ಬ ಒಂದೇ ಸೀಟಿಗೆ ಕರ್ಚೀಫ್ ಎಸೆದರೆ? ಬಸ್ಸಿನಲ್ಲಾದರೆ ಜಗಳ ಆಗಿ ಇತ್ಯರ್ಥ ಆಗುತ್ತದೆ. ಇಲ್ಲಿ ಆಗುವುದಿಲ್ಲ. ಈ ರೇಡಿಯೊ ಮಾತಾಡುವಾಗ ಕೇಳಲಾರದು. ಇಬ್ಬರೂ ಒಂದೇ ಕ್ಷಣದಲ್ಲಿ ಮಾತಾಡುತ್ತಿರುವುದರಿಂದ ಒಬ್ಬರಿಗೊಬ್ಬರು ಕಾಣುವುದೇ ಇಲ್ಲ. ಮುಂದಿನ ನೂರು ಮಿಲಿಸೆಕೆಂಡಿಗೂ ಅದೇ ಡಿಕ್ಕಿ, ಅದರ ಮುಂದೆಯೂ ಅದೇ. ಒಬ್ಬರು ಸೀಟು ಬಿಡುವ ತನಕ ಅರ್ಧ ಸೆಕೆಂಡ್, ಒಂದು ಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು.

ಲೇಖನದ ಶುರುವಿನ ಎರಡನೇ ರೇಡಿಯೊ ನೆನಪಾಯಿತಾ? ಸರಾಸರಿಯಲ್ಲಿ ಗೆದ್ದು ಮೌನದಲ್ಲಿ ಸೋಲುವುದು ಅಂದರೆ ಇದೇ. ಎಂಜಿನಿಯರುಗಳು ಇದನ್ನು ಕಂಡು ಪರಿಹಾರವನ್ನೂ ಸೇರಿಸಿದರು. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್ಎಇಯ ಮಾನದಂಡದ ಪ್ರಕಾರ ಕಾರು ಆಗಾಗ ತನ್ನ ಸೀಟು ಬಿಟ್ಟು ಬೇರೆ ಎಲ್ಲಾದರೂ ಒಂದು ಸಂದೇಶ ಕಳಿಸಿ ವಾಪಸ್ ಬರುತ್ತದೆ. ಉದ್ದದ ಮೌನ ಇದರಿಂದ ತುಂಡಾಗುತ್ತದೆ. ಜೊತೆಗೆ ಒಂದೇ ಸಂದೇಶವನ್ನು ಎರಡು ಸೀಟಿನಲ್ಲಿ ಎರಡು ಸಲ ಕಳಿಸುವ ಏರ್ಪಾಡೂ ಇದೆ.

ಗದ್ದಲಕ್ಕೆ ಇನ್ನೊಂದು ಮದ್ದು ಕಡಿಮೆ ಮಾತಾಡುವುದು. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು. ಅಮೆರಿಕದ ಮಾನದಂಡದಲ್ಲಿ ಸುತ್ತ 100 ಮೀಟರಿನಲ್ಲಿ ಗಾಡಿ ಹೆಚ್ಚಾದಂತೆ ಕಾರು ಮಾತು ಕಡಿಮೆ ಮಾಡುತ್ತದೆ, ಸೆಕೆಂಡಿಗೆ ಹತ್ತರ ಬದಲು 600 ಮಿಲಿಸೆಕೆಂಡಿಗೆ ಒಂದರ ತನಕ. ಆದರೆ ಕುರುಡಾಗಿ ಅಲ್ಲ. 'ನನ್ನ ಹಿಂದಿನ ಸಂದೇಶ ಕೇಳಿದವರು ಈಗ ನಾನು ಎಲ್ಲಿದ್ದೀನಿ ಅಂದುಕೊಂಡಿರಬಹುದು?' ಅಂತ ಕಾರು ತಾನೇ ಲೆಕ್ಕ ಹಾಕುತ್ತದೆ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಅವರ ಊಹೆ ಸರಿಯೇ ಇರುತ್ತದೆ, ಹೇಳುವ ಅಗತ್ಯ ಕಮ್ಮಿ. ಊಹೆಗೂ ನಿಜಕ್ಕೂ ಅಂತರ ಬಿದ್ದರೆ ಬೇಗ ಮಾತಾಡುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಸರದಿಗೆ ಕಾಯದೆ ಕೂಡಲೇ ಕೂಗುತ್ತದೆ. ನಿಂತ ಜಾಮ್‌ನಲ್ಲಿ 600 ಮಿಲಿಸೆಕೆಂಡಿನ ಮೌನದಿಂದ ಯಾರಿಗೂ ನಷ್ಟವಿಲ್ಲ, ಕಾರು ಕದಲಿದ್ದರೆ ತಾನೇ.

ಸಂದೇಶ ತಲುಪಿದ ಮೇಲೂ ಎರಡು ತೊಡಕಿವೆ. ಒಂದು ಜಿಪಿಎಸ್. ಅಮೆರಿಕದ ಮಾನದಂಡ ಕೇಳುವುದು ಬಯಲಲ್ಲಿ ಒಂದೂವರೆ ಮೀಟರಿನ ನಿಖರತೆ. ಲೇನಿನ ಅಗಲ ಮೂರೂವರೆ ಮೀಟರ್. ಎತ್ತರದ ಕಟ್ಟಡಗಳ ನಡುವೆ ಜಾಗ ತಪ್ಪಾಗಿ, ಪಕ್ಕದ ಲೇನಿನವನ ಬ್ರೇಕಿಗೆ ನಿಮ್ಮ ಕಾರು ಹೆದರಬಹುದು. ಇನ್ನೊಂದು ಸಹಿ. ಸುಳ್ಳು ಸಂದೇಶ ಬಾರದಿರಲಿ ಅಂತ ಪ್ರತಿಯೊಂದಕ್ಕೂ ಡಿಜಿಟಲ್ ಸಹಿ ಇದೆ. ಆದರೆ ಸಹಿ ಪರೀಕ್ಷಿಸಲು ಬೇಕಾದ ಪೂರ್ತಿ ಪ್ರಮಾಣಪತ್ರ ದೊಡ್ಡದು. ಅದನ್ನು ಸೆಕೆಂಡಿಗೆ ಎರಡು ಸಲದಷ್ಟೇ ಕಳಿಸುತ್ತಾರೆ, ಉಳಿದ ಸಂದೇಶಗಳಲ್ಲಿ ಅದರ ಚಿಕ್ಕ ಗುರುತು ಮಾತ್ರ. ಹೊಸ ಕಾರಿನ ಪ್ರಮಾಣಪತ್ರ ಇರುವ ಸಂದೇಶವೇ ಕಳೆದುಹೋದರೆ, ಮುಂದಿನ ನಾಲ್ಕು ಸಂದೇಶ ಕೈಗೆ ಬಂದರೂ ನಂಬುವ ಹಾಗಿಲ್ಲ. ರೇಡಿಯೊ ಲೆಕ್ಕದಲ್ಲಿ ಅವು ತಲುಪಿವೆ, ಚಾಲಕನ ಲೆಕ್ಕದಲ್ಲಿ ಅದೂ ಮೌನವೇ.

ಇಷ್ಟೆಲ್ಲ ತಿದ್ದಿ ತೀಡಿದ ಮೇಲೂ ಅತಿ ದೊಡ್ಡ ಮೌನ ಹುಟ್ಟಿದ್ದು ರಸ್ತೆಯಲ್ಲಲ್ಲ, ಕಚೇರಿಗಳಲ್ಲಿ. ಅಮೆರಿಕ 1999ರಲ್ಲೇ ಇದಕ್ಕೆ 75 ಮೆಗಾಹರ್ಟ್ಸ್ ಮೀಸಲಿಟ್ಟಿತು. 2012ರಲ್ಲಿ ಮಿಶಿಗನ್ನಿನ ಆ್ಯನ್ ಆರ್ಬರ್ ಊರಿನಲ್ಲಿ ಸುಮಾರು 2,800 ವಾಹನಗಳಿಗೆ ಈ ಸಾಧನ ಕೂರಿಸಿ ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಿದರು. 2017ರಲ್ಲಿ ಕ್ಯಾಡಿಲಾಕ್ ಸಿಟಿಎಸ್ ಕಾರಿನಲ್ಲಿ ಅದು ಮಾರಾಟಕ್ಕೂ ಬಂತು. ಅದೇ ವರ್ಷ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯ ಮಾಡುವ ಪ್ರಸ್ತಾವ ಪ್ರಕಟವಾಯಿತು. ಅದು ನೆನೆಗುದಿಗೆ ಬಿದ್ದು 2023ರಲ್ಲಿ ವಾಪಸಾಯಿತು. ಅಷ್ಟರಲ್ಲಿ 2020ರಲ್ಲಿ ಅಲ್ಲಿನ ಸಂಪರ್ಕ ಆಯೋಗ 75ರಲ್ಲಿ 45 ಮೆಗಾಹರ್ಟ್ಸ್ ಕಿತ್ತು ವೈಫೈಗೆ ಕೊಟ್ಟಿತ್ತು. ಉಳಿದ 30 ಸಿ-ವಿ2ಎಕ್ಸ್‌ಗೆ. ಅದರ ಅಂತಿಮ ನಿಯಮಗಳು ಬಂದದ್ದು 2024ರ ನವೆಂಬರಿನಲ್ಲಿ. ಅತ್ತ ಯುರೋಪಿನಲ್ಲಿ 2019ರ ಫೋಕ್ಸ್‌ವ್ಯಾಗನ್ ಗಾಲ್ಫ್ ವೈಫೈ ಕುಟುಂಬದ ಭಾಷೆಯನ್ನೇ ಹಿಡಿದು ಬಂತು. ಚೀನಾ ಸಿ-ವಿ2ಎಕ್ಸ್ ಕಡೆ ಹೋಯಿತು. ಈ ಎರಡು ಭಾಷೆಗಳು ಒಂದಕ್ಕೊಂದು ಅರ್ಥವಾಗುವುದಿಲ್ಲ.

ಇದರಿಂದ ನಂಬಿಕೆಯ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ರಸ್ತೆಯ ಹತ್ತು ಗಾಡಿಯಲ್ಲಿ ಒಂದಕ್ಕೆ ಮಾತ್ರ ಈ ಸಾಧನ ಇದ್ದರೆ, ಡಿಕ್ಕಿಯಾಗಲಿರುವ ಇಬ್ಬರ ಬಳಿಯೂ ಅದು ಇರುವ ಸಾಧ್ಯತೆ ನೂರರಲ್ಲಿ ಒಂದು. ಅರ್ಧದಷ್ಟು ಗಾಡಿಗಳಲ್ಲಿ ಇದ್ದರೂ ನಾಲ್ಕರಲ್ಲಿ ಒಂದು ಜೋಡಿ ಮಾತ್ರ. ರೇಡಿಯೊ ಶೇಕಡಾ 99 ನಿಖರವಾಗಿದ್ದರೂ ಇದರ ಮುಂದೆ ಅದು ಸಣ್ಣ ವಿಷಯ. ಬೈಕು, ಸೈಕಲ್, ಎತ್ತಿನಗಾಡಿ, ನಡೆದು ಹೋಗುವವರು ಎಲ್ಲ ಒಂದೇ ರಸ್ತೆಯಲ್ಲಿರುವ ನಮ್ಮಂಥ ಕಡೆ ಈ ಲೆಕ್ಕ ಇನ್ನೂ ಕಠಿಣ.

ಹಾಗಾದರೆ ಸಂದೇಶ ಬಾರದಿದ್ದಾಗ ಕಾರಿನ ಕಂಪ್ಯೂಟರ್ ಏನು ಮಾಡುತ್ತದೆ? ಸ್ವಲ್ಪ ಹೊತ್ತು ಹಳೆಯ ವೇಗ, ದಿಕ್ಕು ಹಿಡಿದು 'ಈಗ ಇಲ್ಲಿರಬಹುದು' ಅಂತ ಅಂದಾಜು ಮಾಡುತ್ತದೆ. ಆಮೇಲೂ ಸುದ್ದಿ ಇಲ್ಲ ಅಂದರೆ ಆ ಕಾರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಆಗ ಚಾಲಕನ ಮುಂದಿನ ಪರದೆ ಖಾಲಿ. ರಸ್ತೆ ನಿಜವಾಗಿ ಖಾಲಿ ಇದ್ದರೂ ಅದೇ ಪರದೆ, ಮುಂದಿನ ಗಾಡಿಯಲ್ಲಿ ರೇಡಿಯೊ ಇಲ್ಲದಿದ್ದರೂ ಅದೇ, ಹತ್ತು ಸಂದೇಶ ಸಾಲಾಗಿ ಲಾರಿಯ ಹಿಂದೆ ಸತ್ತಿದ್ದರೂ ಅದೇ. ಈ ರೇಡಿಯೊ ಒಂದನ್ನೇ ನಂಬಿಕೊಂಡು ಮೂರನ್ನೂ ಖಚಿತವಾಗಿ ಬೇರೆ ಬೇರೆ ಅಂತ ಹೇಳಲು ಆಗುವುದಿಲ್ಲ. ಮುಂದಿನ ಗಾಡಿ ಕಂಡು ತಾನಾಗಿ ಬ್ರೇಕ್ ಒತ್ತುವ ಕೆಲಸವನ್ನು ಕಾರು ತಯಾರಕರು ಕ್ಯಾಮೆರಾ ಮತ್ತು ರೇಡಾರಿನ ಕೈಗೆ ಕೊಟ್ಟಿದ್ದಾರೆ. ಗಾಲ್ಫ್ ಆಗಲಿ ಕ್ಯಾಡಿಲಾಕ್ ಆಗಲಿ, ಈ ರೇಡಿಯೊ ಮಾಡಿದ ಕೆಲಸ ಚಾಲಕನಿಗೆ ಎಚ್ಚರಿಕೆ ಕೊಡುವುದು, ಅಷ್ಟೇ.